ಏಳು ಸರ್ವಿಸ್ ತೆಗೆದು ಒಂದು ಜಾಂಗೋ: ಅಡಿಕೆ ಮಂಡಿಯ ಬಿಲ್ಲಿಂಗ್‌ನಲ್ಲಿ ನನ್ನ ಅನುಭವ

ಮಂಡಿಯ ಬಿಲ್ಲಿಂಗನ್ನು ಜಾಂಗೋ ಎಂಬ ವೆಬ್ ಫ್ರೇಮ್‌ವರ್ಕ್ (ಕೋಡ್ ಬರೆಯಲು ಸಿದ್ಧ ಚೌಕಟ್ಟು) ಮೇಲೆ ನಡೆಸಿದ ಈ ಸೀಸನ್ ಮುಗಿಯಿತು. ಟೆಂಡರ್ ದಿನ ಸರ್ವರ್ ಬೀಳಲಿಲ್ಲ. "ಒಂದೇ ಮಷೀನ್ ಮೇಲೆ ಜಾಂಗೋನಾ? ಆಗಲ್ಲ ಬಿಡಿ" ಎಂದಿದ್ದ ಗೆಳೆಯರೇ ಈಗ ಫೋನ್ ಮಾಡಿ ಸೆಟಪ್ ಕೇಳುತ್ತಿದ್ದಾರೆ. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆಯುತ್ತಿದ್ದೇನೆ.

"ಎಡಬ್ಲ್ಯೂಎಸ್ ಒಳ್ಳೆಯದಾ, ಜಾಂಗೋ ಒಳ್ಳೆಯದಾ" ಎಂದು ಹೊಸ ಹುಡುಗರು ಕೇಳುತ್ತಾರೆ. ಒಂದು ಯಂತ್ರ ಬಾಡಿಗೆಗೆ ಕೊಡುವ ಅಮೆಜಾನ್‌ನ ಕ್ಲೌಡ್, ಇನ್ನೊಂದು ಕೋಡ್ ಬರೆಯುವ ಫ್ರೇಮ್‌ವರ್ಕ್, ಹೋಲಿಸಲೇಬಾರದು ಎಂದು ಹಿರಿಯರು ಬಾಯಿ ಮುಚ್ಚಿಸುತ್ತಾರೆ. ನನಗೆ ಹುಡುಗರ ಪ್ರಶ್ನೆಯೇ ಸರಿ ಅನಿಸುತ್ತದೆ. ಲಾಗಿನ್, ಡೇಟಾ, ಕ್ಯೂ (ಕೆಲಸಗಳ ಸರದಿ), ರಿಪೋರ್ಟ್, ಅಡ್ಮಿನ್ ಪರದೆ (ಸಿಬ್ಬಂದಿ ಮಾಹಿತಿ ತುಂಬುವ ಜಾಗ), ಇವನ್ನೆಲ್ಲ ಕ್ಲೌಡ್‌ನ ಸಿದ್ಧ ಸರ್ವಿಸ್‌ಗಳಿಗೂ ಒಪ್ಪಿಸಬಹುದು, ಫ್ರೇಮ್‌ವರ್ಕ್‌ಗೂ ಒಪ್ಪಿಸಬಹುದು. ಯಾವ ಕೆಲಸ ಯಾರಿಗೆ ಕೊಟ್ಟಿರಿ ಎನ್ನುವುದರ ಮೇಲೇ ತಿಂಗಳ ಬಿಲ್ ನಿಲ್ಲುತ್ತದೆ.

ನಮ್ಮ ಗಿರಾಕಿ ಮಲೆನಾಡಿನ ಒಂದು ಅಡಿಕೆ ಮಂಡಿ. ಬೆಳೆಗಾರ ಚೀಲ ತರುತ್ತಾನೆ. ತೂಕ ಆಗುತ್ತದೆ. ರಾಶಿ, ಬೆಟ್ಟೆ, ಗೊರಬಲು, ಚಾಲಿ ಎಂಬ ಅಡಿಕೆಯ ಬಗೆಗಳ ಪ್ರಕಾರ ಲಾಟ್ (ಮಾರಾಟದ ಗುಂಪು) ಬೀಳುತ್ತದೆ. ಖರೀದಿದಾರರು ಟೆಂಡರ್ ಹಾಕುತ್ತಾರೆ, ಮಧ್ಯಾಹ್ನ ದರ ತೆರೆಯುತ್ತಾರೆ. ಆ ಹತ್ತು ನಿಮಿಷ ಊರೂರಿಂದ ಎಲ್ಲರೂ ಮೊಬೈಲ್‌ನಲ್ಲಿ ರಿಫ್ರೆಶ್ ಒತ್ತುತ್ತಾರೆ. ಉಳಿದ ಹೊತ್ತು ಸರ್ವರ್ ಸುಮ್ನೆ ಕೂತಿರುತ್ತದೆ. ಇಂಥ ಲೋಡ್‌ಗೆ ಸರ್ವರ್‌ಲೆಸ್ಸೇ (ಸ್ವಂತ ಸರ್ವರ್ ಇಡದೆ, ಓಡಿದಷ್ಟಕ್ಕೆ ಕ್ಲೌಡ್‌ಗೆ ಹಣ ಕೊಡುವುದು) ಬೇಕು ಎಂದು ಯಾರು ಬೇಕಾದರೂ ಹೇಳುತ್ತಾರೆ, ಅಲ್ವಾ? ನಮಗಿಂತ ಮೊದಲು ಇದನ್ನು ಕಟ್ಟಿದ ತಂಡವೂ ಹಾಗೇ ಕಟ್ಟಿತ್ತು. ಒಂದು ದೊಡ್ಡ ಕ್ಲೌಡ್, ಹೆಸರು ಬೇಡ. ಫಂಕ್ಷನ್ (ಕರೆದಾಗ ಮಾತ್ರ ಓಡುವ ಕೋಡ್), ಗೇಟ್‌ವೇ (ರಿಕ್ವೆಸ್ಟ್ ಒಳಬಿಡುವ ಬಾಗಿಲು), ನೋಎಸ್‌ಕ್ಯೂಎಲ್ ಟೇಬಲ್ (ಕೀ ಹಿಡಿದು ಡೇಟಾ ತೆಗೆಯುವ ಡೇಟಾಬೇಸ್), ಕ್ಯೂ, ಲಾಗಿನ್ ಸರ್ವಿಸ್, ಲಾಗ್ (ನಡೆದದ್ದರ ದಾಖಲೆ) ಸರ್ವಿಸ್, ಫೈಲ್ ಸ್ಟೋರೇಜ್. ಒಂದು ಬಿಲ್ ಪ್ರಿಂಟ್ ಆಗಲು ಏಳು ಬಾಗಿಲು ದಾಟಬೇಕಿತ್ತು.

ಸೀಸನ್ ತಿಂಗಳಲ್ಲಿ ಬಿಲ್ 38-40 ಸಾವಿರ ಬರುತ್ತಿತ್ತು, ಮೇಲೆ 18% ಜಿಎಸ್‌ಟಿ. ಮಳೆಗಾಲದಲ್ಲಿ ಮಂಡಿ ಖಾಲಿ ಇದ್ದಾಗಲೂ 20 ಸಾವಿರದ ಕೆಳಗೆ ಇಳಿಯುತ್ತಿರಲಿಲ್ಲ. ಬಿಡಿಸಿ ನೋಡಿದರೆ ಫಂಕ್ಷನ್ ಓಡಿದ ಖರ್ಚು ಏನೇನೂ ಇಲ್ಲ. ಹಣವೆಲ್ಲ ಹೋಗುತ್ತಿದ್ದದ್ದು ಲಾಗ್‌ಗೆ, ಒಳಗಿನ ಸರ್ವಿಸ್‌ಗಳು ಇಂಟರ್ನೆಟ್‌ಗೆ ಹೋಗುವ ದಾರಿಯಾದ ನ್ಯಾಟ್ ಗೇಟ್‌ವೇಗೆ, ಟೇಬಲ್‌ಗೆ ಮೊದಲೇ ಕಾದಿರಿಸಿದ ಕೆಪಾಸಿಟಿಗೆ. ಇಷ್ಟಾದರೂ ದರ ತೆರೆದ ಕೂಡಲೇ ಎಲ್ಲರೂ ಒಂದೇ ಕೀ (ಟೇಬಲ್‌ನ ಒಂದೇ ದಾಖಲೆ) ಮೇಲೆ ಬಿದ್ದು ಥ್ರಾಟಲ್ ಆಗುತ್ತಿತ್ತು, ಅಂದರೆ ಮಿತಿ ದಾಟಿದ ರಿಕ್ವೆಸ್ಟ್‌ಗಳನ್ನು ಕ್ಲೌಡ್ ತಡೆಯುತ್ತಿತ್ತು. "ಈ ಬೆಳೆಗಾರನಿಗೆ ಹೋದ ವರ್ಷ ರಾಶಿಗೆ ಸರಾಸರಿ ಎಷ್ಟು ಸಿಕ್ಕಿತು" ಎಂದು ಮಾಲೀಕರು ಕೇಳಿದರೆ ಟೇಬಲ್ ಪೂರ್ತಿ ಎಕ್ಸ್‌ಪೋರ್ಟ್ ಮಾಡಬೇಕಿತ್ತು. ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಅದು ಮೂರು ಸಾಲಿನ ಕ್ವೆರಿ (ಪ್ರಶ್ನೆ).

ಕ್ಲೌಡ್‌ಗೂ ಫ್ರೇಮ್‌ವರ್ಕ್‌ಗೂ ನಡುವಿನ ಈ ಜಗಳ ಹೊಸದೇನಲ್ಲ. 2008ರಲ್ಲಿ ಗೂಗಲ್ ಆ್ಯಪ್ ಎಂಜಿನ್ (ಆ್ಯಪ್ ಓಡಿಸಿಕೊಡುವ ಕ್ಲೌಡ್) ಬಂದಾಗಲೂ ಹೀಗೇ ಇತ್ತು. ಜಾಂಗೋ ಟೆಂಪ್ಲೇಟ್ (ಪುಟದ ಅಚ್ಚು) ಅದರೊಳಗೇ ಸಿಗುತ್ತಿತ್ತು, ಆದರೆ ಅದರ ಡೇಟಾಸ್ಟೋರ್‌ನಲ್ಲಿ ಜಾಯಿನ್ (ಎರಡು ಟೇಬಲ್ ಜೋಡಿಸಿ ಕೇಳುವುದು) ಇರಲಿಲ್ಲ. ಹಾಗಾಗಿ ಜಾಂಗೋದ ಓಆರ್‌ಎಂ (ಕೋಡ್‌ನಿಂದಲೇ ಡೇಟಾಬೇಸ್ ನಡೆಸುವ ಭಾಗ), ಅಡ್ಮಿನ್ ಎರಡೂ ಅಲ್ಲಿ ನೇರವಾಗಿ ನಡೆಯುತ್ತಿರಲಿಲ್ಲ. ಪ್ಲಾಟ್‌ಫಾರ್ಮ್ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ತೆಗೆದುಕೊಂಡಂತೆ.

ನಾನು ಮಾಡಿದ್ದು ಇಷ್ಟು. ಮುಂಬೈ ಡೇಟಾ ಸೆಂಟರ್‌ನಲ್ಲಿ 2 ಕೋರ್, 4 ಜಿಬಿಯ ಒಂದು ವಿಎಂ (ಬಾಡಿಗೆಯ ವರ್ಚುವಲ್ ಯಂತ್ರ). ಅದರ ಮೇಲೆ ರಿಕ್ವೆಸ್ಟ್ ಮೊದಲು ಬಂದು ಸೇರುವ ಎನ್‌ಜಿನ್ಎಕ್ಸ್, ಜಾಂಗೋವನ್ನು ಓಡಿಸುವ ಗುನಿಕಾರ್ನ್, ಜಾಂಗೋ, ಎಸ್‌ಕ್ಯೂಎಲ್ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್. ಎಲ್ಲ ಬದಲಾಯಿಸಲು ನಾಲ್ಕು ತಿಂಗಳು ಹಿಡಿಯಿತು, ಮೂರೂವರೆ ಲಕ್ಷ ತೆಗೆದುಕೊಂಡೆ. ಹಳೆಯ ಬಿಲ್ಲಿನ ಲೆಕ್ಕದಲ್ಲಿ ಒಂದೇ ವರ್ಷದಲ್ಲಿ ಮಂಡಿಗೆ ಅದು ವಾಪಸ್ ಬಂದಿದೆ.

ಮೊದಲು ಗೆಲ್ಲಿಸಿದ್ದು ಅಡ್ಮಿನ್. ಅಮೆರಿಕದ ಕಾನ್ಸಾಸ್‌ನ ಲಾರೆನ್ಸ್ ಊರಿನ ಒಂದು ಪತ್ರಿಕೆಯ ವೆಬ್ ತಂಡದಲ್ಲಿ ಜಾಂಗೋ ಹುಟ್ಟಿತು, 2005ರಲ್ಲಿ ಹೊರಗೆ ಬಿಟ್ಟರು. ಸುದ್ದಿಮನೆಯವರು ಪ್ರೋಗ್ರಾಮರ್‌ಗೆ ಕಾಯದೆ ತಾವೇ ಮಾಹಿತಿ ತುಂಬಲಿ ಎಂದು ಮಾಡಿದ ಅಡ್ಮಿನ್ ಅದು. ಮಂಡಿಯ ಗುಮಾಸ್ತರ ಕೆಲಸವೂ ಅದೇ. ಮಾಡೆಲ್ (ಡೇಟಾದ ರಚನೆ) ಬರೆದ ವಾರದಲ್ಲೇ ಅವರು ಲಾಟ್ ಎಂಟ್ರಿ ಶುರು ಮಾಡಿದರು. ಹಳೆಯ ಸಿಸ್ಟಂನಲ್ಲಿ ಅಂಥ ಪರದೆಗೇ ಬೇರೆ ಪ್ರಾಜೆಕ್ಟ್ ಎಂದು ಕೊಟೇಶನ್ ಕೊಟ್ಟಿದ್ದರಂತೆ.

ಆಮೇಲೆ ಪೆಟ್ಟುಗಳು ಬಿದ್ದವು. ಲಾಟ್ ಪಟ್ಟಿಯ ಪುಟಕ್ಕೆ 400ಕ್ಕೂ ಜಾಸ್ತಿ ಕ್ವೆರಿ ಹೋಗುತ್ತಿತ್ತು. ಸಂಬಂಧಿಸಿದ ಡೇಟಾವನ್ನು ಒಟ್ಟಿಗೇ ತರುವ ಸೆಲೆಕ್ಟ್ ರಿಲೇಟೆಡ್, ಪ್ರಿಫೆಚ್ ರಿಲೇಟೆಡ್ ಹಾಕಿದ ಮೇಲೆ ಐದಾರಕ್ಕೆ ಇಳಿಯಿತು. ಇಬ್ಬರು ಗುಮಾಸ್ತರು ಒಂದೇ ಲಾಟ್‌ಗೆ ದರ ಹಾಕಿ ಒಬ್ಬರದ್ದು ಅಳಿಸಿಹೋಗುತ್ತಿತ್ತು. ಅಟಾಮಿಕ್ (ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಎನ್ನುವ ಕಟ್ಟು) ಒಳಗೆ ಸೆಲೆಕ್ಟ್ ಫಾರ್ ಅಪ್‌ಡೇಟ್ ಇಟ್ಟು ಆ ಸಾಲನ್ನು ಲಾಕ್ ಮಾಡಿದೆ, ನಿಂತಿತು. ಗುನಿಕಾರ್ನ್‌ಗೆ ಕೋರ್‌ನ ಎರಡರಷ್ಟು ಪ್ಲಸ್ ಒಂದು ವರ್ಕರ್ (ರಿಕ್ವೆಸ್ಟ್ ನೋಡಿಕೊಳ್ಳುವ ಪ್ರೋಸೆಸ್) ಎಂಬ ಲೆಕ್ಕವನ್ನು ನಂಬಬೇಡಿ. ಬಿಲ್ ಪಿಡಿಎಫ್ ಮಾಡುವಾಗ ಒಂದೊಂದು ವರ್ಕರ್ ಉಬ್ಬಿ ಮೆಮೊರಿ ಮುಗಿದು, ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಪೋಸ್ಟ್‌ಗ್ರೆಸ್ಸನ್ನೇ ಕೊಂದಿತು. ಈಗ ಮೂರೇ ವರ್ಕರ್. ಪಿಡಿಎಫ್ ಕೆಲಸ ಪೋಸ್ಟ್‌ಗ್ರೆಸ್‌ನ ಒಂದು ಟೇಬಲ್‌ನಲ್ಲಿ ಸಾಲು ನಿಲ್ಲುತ್ತದೆ, ಸ್ಕಿಪ್ ಲಾಕ್ಡ್ (ಲಾಕ್ ಆದ ಸಾಲು ಬಿಟ್ಟು ಮುಂದಿನದನ್ನು ತೆಗೆದುಕೊಳ್ಳುವುದು) ಬಳಸಿ ಬೇರೆ ಪ್ರೋಸೆಸ್ ಎತ್ತಿಕೊಳ್ಳುತ್ತದೆ. ಇಂಥ ಸರದಿಗೆ ಸಾಮಾನ್ಯವಾಗಿ ಬಳಸುವ ಸೆಲರಿ, ರೆಡಿಸ್ ಎರಡೂ ಬೇಕಾಗಲಿಲ್ಲ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಡಿಸ್ಕ್ ತುಂಬಿದ್ದು. ಬ್ಯಾಕಪ್ ಹೋಗುವ ಸ್ಟೋರೇಜ್‌ನ ಕೀ ಅವಧಿ ಮುಗಿದಿತ್ತು. ಆರ್ಕೈವ್ ಆಗದ (ಬ್ಯಾಕಪ್‌ಗೆ ಹೋಗದ) ವಾಲ್ ಫೈಲ್‌ಗಳನ್ನು, ಅಂದರೆ ಬದಲಾವಣೆಗಳ ದಾಖಲೆಯನ್ನು, ಪೋಸ್ಟ್‌ಗ್ರೆಸ್ ಅಳಿಸುವುದಿಲ್ಲ, ಇಟ್ಟುಕೊಂಡೇ ಇರುತ್ತದೆ. ಟೆಂಡರ್‌ಗೆ ಒಂದು ಗಂಟೆ ಇರುವಾಗ ಡಿಸ್ಕ್ 100%, ಡೇಟಾಬೇಸ್ ಬಂದ್. ಆಗ ವಾಲ್ ಫೋಲ್ಡರ್‌ಗೆ ಹೋಗಿ ಕೈಯಾರೆ ಅಳಿಸುವ ಆಸೆ ಬರುತ್ತದೆ. ಮುಟ್ಟಬೇಡಿ, ಡೇಟಾಬೇಸೇ ಹಾಳಾಗುತ್ತದೆ. ಡಿಸ್ಕ್ 20 ಜಿಬಿ ದೊಡ್ಡದು ಮಾಡಿ, ಹೊಸ ಕೀ ಹಾಕಿದೆ. ಅರ್ಧ ಗಂಟೆಯಲ್ಲಿ ಪೋಸ್ಟ್‌ಗ್ರೆಸ್ ತಾನೇ ಆ ಫೈಲ್‌ಗಳನ್ನು ಖಾಲಿ ಮಾಡಿಕೊಂಡಿತು. ಈಗ 70% ದಾಟಿದರೆ ಇಬ್ಬರ ಫೋನ್‌ಗೆ ಅಲರ್ಟ್ ಬರುತ್ತದೆ.

ಆ ಹತ್ತು ನಿಮಿಷದ ನೂಕುನುಗ್ಗಲಿಗೆ ಉತ್ತರ ಎನ್‌ಜಿನ್ಎಕ್ಸ್‌ನ ಕ್ಯಾಷ್ (ಸಿದ್ಧ ಪುಟದ ತಾತ್ಕಾಲಿಕ ಪ್ರತಿ). ದರಪಟ್ಟಿ ಎಲ್ಲರಿಗೂ ಒಂದೇ, ಲಾಗಿನ್ ಬೇಡ. ಎರಡು ಸೆಕೆಂಡು ಕ್ಯಾಷ್ ಇಟ್ಟರೂ ಸಾಕು, ಸೆಕೆಂಡಿಗೆ 80ರ ಹತ್ತಿರ ರಿಕ್ವೆಸ್ಟ್ ಬಂದರೂ ಜಾಂಗೋಗೆ ತಟ್ಟುವುದು ಒಂದೋ ಎರಡೋ. ದರ ತೆರೆದ ಆ ಗಳಿಗೆಯಲ್ಲಿ ಹಳೆಯ ಪುಟ ಯಾರಿಗೂ ಸಿಗದಂತೆ ಮಾಡಲು ಒಂದು ಉಪಾಯ ಇದೆ. ಅದು ನಮ್ಮ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ.

ನಡುವೆ ಒಂದೆರಡು ಬೇರೆ ಪ್ರಯೋಗ ಮಾಡಿದೆ. ದರಪಟ್ಟಿಯನ್ನು ಮಾತ್ರ ಎಸ್‌ಕ್ಯೂಲೈಟ್‌ಗೆ (ಒಂದೇ ಫೈಲ್‌ನ ಚಿಕ್ಕ ಡೇಟಾಬೇಸ್) ಹಾಕಿ ನೋಡಿದೆ, ಚೆನ್ನಾಗೇ ಓಡಿತು. ಆದರೆ ಎರಡು ಡೇಟಾಬೇಸ್ ನೋಡಿಕೊಳ್ಳುವುದು ಬೇಡ ಎಂದು ಬಿಟ್ಟೆ. ಇನ್ನೊಂದು, ಹೆಸರುಗಳ ಅಕ್ಷರಕ್ರಮದ ಜೋಡಣೆ. ಊರುಗಳ ಪಟ್ಟಿಯಲ್ಲಿ ಬಳ್ಳಿಬೈಲು ಮೊದಲು, ಬಸವನಹಳ್ಳಿ ಆಮೇಲೆ ಬರುತ್ತಿತ್ತು. ಹಳೆಯ ಗುಮಾಸ್ತರೊಬ್ಬರು ಇದು ತಪ್ಪು ಎಂದರು. ಅವರು ಹೇಳಿದ್ದು ಸರಿ. ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕಿರುವ ಯೂನಿಕೋಡ್ ಸಂಖ್ಯೆಯಲ್ಲಿ ಳ ಬರುವುದು ಲ ಆದ ಮೇಲೆ, ವ ಬರುವ ಮುಂಚೆ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಗೆ. ಪೋಸ್ಟ್‌ಗ್ರೆಸ್‌ನ ಐಸಿಯು (ಭಾಷೆಗಳ ನಿಯಮ ತಿಳಿದ ಲೈಬ್ರರಿ) ಕನ್ನಡ ಕೊಲೇಶನ್ (ಅಕ್ಷರಕ್ರಮ) ಕೊಟ್ಟ ಮೇಲೆ ಸರಿಹೋಯಿತು. ಜಾಂಗೋ 3.2ರಿಂದ ಅದನ್ನು ಫೀಲ್ಡ್‌ನಲ್ಲೇ ಹೇಳಬಹುದು.

ಲಾಟ್ ವಿವರ ಕಳಿಸುವ ಎಸ್ಎಂಎಸ್ ಖರ್ಚು ಸರ್ವರ್ ಖರ್ಚನ್ನೇ ಮೀರಿಸುತ್ತಿತ್ತು. ಕನ್ನಡದಲ್ಲಿ ಒಂದು ಎಸ್ಎಂಎಸ್‌ಗೆ 70 ಅಕ್ಷರ ಮಾತ್ರ, ಇಂಗ್ಲಿಷ್‌ಗೆ 160. ಒತ್ತು, ಕಾಗುಣಿತದ ಗುರುತು, ಸೊನ್ನೆ ಎಲ್ಲ ಬೇರೆ ಬೇರೆ ಲೆಕ್ಕ. 'ಕ್ವಿಂಟಾಲ್' ಕಣ್ಣಿಗೆ ಮೂರಕ್ಷರ, ಲೆಕ್ಕಕ್ಕೆ 9. ಹಳೆಯ ಸಂದೇಶ ಮೂರು ಎಸ್ಎಂಎಸ್ ತಿನ್ನುತ್ತಿತ್ತು. ಲಾಟ್ ನಂಬರ್, ತೂಕ, ದರ, ಮೊತ್ತ ಇಷ್ಟನ್ನೇ ಉಳಿಸಿ 70ರೊಳಗೆ ತಂದೆ, ಎಸ್ಎಂಎಸ್ ಟೆಂಪ್ಲೇಟ್ ನೋಂದಾಯಿಸುವ ಡಿಎಲ್‌ಟಿ ವ್ಯವಸ್ಥೆಯಲ್ಲಿ ಹೊಸ ಟೆಂಪ್ಲೇಟ್ ಒಪ್ಪಿಸಿಕೊಂಡೆ. ಖರ್ಚು ಮೂರನೇ ಒಂದಕ್ಕೆ ಇಳಿಯಿತು.

ಈಗ ತಿಂಗಳಿಗೆ ವಿಎಂಗೆ 2,400 ರೂಪಾಯಿಯ ಆಸುಪಾಸು, ಬ್ಯಾಕಪ್ ಸ್ಟೋರೇಜ್‌ಗೆ 300. ಕ್ಲೌಡ್ ಪೂರ್ತಿ ಬಿಟ್ಟಿಲ್ಲ. ಬ್ಯಾಕಪ್, ಬಿಲ್ ಪಿಡಿಎಫ್ ಎಲ್ಲ ಆಬ್ಜೆಕ್ಟ್ ಸ್ಟೋರೇಜ್‌ನಲ್ಲೇ (ಕ್ಲೌಡ್‌ನ ಫೈಲ್ ಗೋದಾಮು) ಇವೆ. ಆ ಕೆಲಸವನ್ನು ಅಷ್ಟು ಅಗ್ಗವಾಗಿ, ಅಷ್ಟು ಭದ್ರವಾಗಿ ನಾನು ಮಾಡಲಾರೆ. ಫೋಟೋ, ವಿಡಿಯೋ ಜಾಸ್ತಿ ಇರುವವರು, ರಾತ್ರಿ ಎದ್ದು ಸರ್ವರ್ ನೋಡಲು ಜನ ಇಲ್ಲದವರು ನನ್ನ ದಾರಿ ಹಿಡಿಯಬೇಡಿ, ಕನಿಷ್ಠ ಡೇಟಾಬೇಸನ್ನಾದರೂ ಮ್ಯಾನೇಜ್ಡ್ (ಕ್ಲೌಡ್‌ನವರೇ ನೋಡಿಕೊಳ್ಳುವುದು) ತೆಗೆದುಕೊಳ್ಳಿ. ನಾವು ತಿಂಗಳಿಗೊಮ್ಮೆ ಭಾನುವಾರ ಹೊಸ ವಿಎಂ ಎಬ್ಬಿಸಿ, ಬ್ಯಾಕಪ್‌ನಿಂದ ಮಂಡಿಯ ಸಿಸ್ಟಂ ಪೂರ್ತಿ ಮತ್ತೆ ಎದ್ದು ಓಡುತ್ತದೆಯೇ ಎಂದು ನೋಡುತ್ತೇವೆ. 35 ನಿಮಿಷ ಹಿಡಿಯುತ್ತಿದೆ. ಮುಂದಿನ ಸೀಸನ್ ಒಳಗೆ ಅದನ್ನು 20ಕ್ಕೆ ತರುವ ಕೆಲಸ ಈಗ ನಡೆಯುತ್ತಿದೆ.