ಹೊಯ್ ಆನ್‌ನಲ್ಲಿ ಕ್ಯಾಶಿಯರ್‌ಗೆ ಶಾರ್ಟ್ ಬಂದದ್ದು

ಉಡುಪಿಯಲ್ಲಿ ಬ್ಯಾಂಕಿನ ಕ್ಯಾಶ್ ಕೌಂಟರ್ ಹಿಂದೆ ಕೂತು 31 ವರ್ಷ ನೋಟು ಎಣಿಸಿದವನು ನಾನು. ಕಳೆದ ವರ್ಷ ಮಾರ್ಚ್‌ನಲ್ಲಿ ಮಗಳು ವಿಯೆಟ್ನಾಮಿಗೆ ಟಿಕೆಟ್ ಮಾಡಿಸಿ, "ಅಪ್ಪ, ದುಡ್ಡಿನ ವಿಚಾರ ನೀವೇ ನೋಡಿ" ಅಂದಳು. ಇದರಲ್ಲಿ ಎಂತ ಉಂಟು, ನನ್ನದೇ ಕೆಲಸ ಅಲ್ವಾ ಅಂದುಕೊಂಡೆ.

ನಾವು ಹೋದದ್ದು ಹೊಯ್ ಆನ್ ಎಂಬ ಸಣ್ಣ ಊರಿಗೆ. ಡಾ ನಾಂಗ್ ವಿಮಾನ ನಿಲ್ದಾಣದಿಂದ ಸುಮಾರು 30 ಕಿಲೋಮೀಟರ್. ಹೊಳೆ ಬದಿಯಲ್ಲಿ ಹಳೆಯ ಪೇಟೆ, ಸ್ವಲ್ಪ ದೂರದಲ್ಲಿ ಕಡಲು. ನಮ್ಮ ರಥಬೀದಿಯನ್ನೂ ಮಲ್ಪೆಯನ್ನೂ ಹತ್ತಿರ ಹತ್ತಿರ ತಂದಿಟ್ಟ ಹಾಗೆ. ಹೋಟೆಲಿನಲ್ಲಿ ಕಾರ್ಡ್ ನಡೆಯುತ್ತದೆ. ಆದರೆ ಬೀದಿಯ ಕಾಫಿ, ದೋಣಿ, ಬಾಡಿಗೆ ಸೈಕಲ್, ಎಳನೀರು, ಇದಕ್ಕೆಲ್ಲ ನೋಟೇ ಬೇಕು. ನಮ್ಮ ಯುಪಿಐ ಅಲ್ಲಿ ನಡೆಯಲಿಲ್ಲ.

ಮೊದಲು ಮಂಗಳೂರಿನಲ್ಲಿ ವಿಯೆಟ್ನಾಮಿನ ಡಾಂಗ್ ಸಿಗುತ್ತದಾ ನೋಡಿದೆ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ, ಐದು ಬ್ಯಾಂಕು ಹುಟ್ಟಿದ ನೆಲ ಇದು. ಡಾಂಗ್ ಮಾತ್ರ ನಾನು ಕೇಳಿದ ಕಡೆ ಎಲ್ಲೂ ಇರಲಿಲ್ಲ. ನಮ್ಮಲ್ಲಿನ ಮನಿ ಚೇಂಜರ್‌ಗಳಿಗೆ ದಿರ್ಹಮ್, ರಿಯಾಲ್ ಅಂದರೆ ಮೀನಿನ ಧಕ್ಕೆಯ ಬಂಗುಡೆ ಇದ್ದ ಹಾಗೆ, ದಿನಾ ಬರುತ್ತದೆ, ದಿನಾ ಹೋಗುತ್ತದೆ. ಡಾಂಗ್ ಅಂದರೆ "ಎಂತ ಸರ್?" ಅಂತ ಇನ್ನೊಮ್ಮೆ ಕೇಳಿದರು. ಹಾಗಾಗಿ ಇಲ್ಲಿ ಡಾಲರ್ ಕೊಂಡು, ಅಲ್ಲಿ ಡಾಂಗ್ ಮಾಡಿಸುವುದು ಅಂತ ತೀರ್ಮಾನ ಆಯಿತು.

500 ಡಾಲರ್ ಬೇಕಿತ್ತು. ಎರಡು ಕಡೆ ಫೋನ್ ಮಾಡಿ "ಇವತ್ತು ರೇಟ್ ಎಷ್ಟು?" ಅಂತ ಕೇಳಿದೆ. ಒಬ್ಬರು 87.60 ಅಂದರು, ಇನ್ನೊಬ್ಬರು 87.30. ಯಾರಾದರೂ ಎರಡನೆಯವರ ಹತ್ತಿರವೇ ಹೋಗುತ್ತಾರೆ. ನಾನೂ ಹೊರಟಿದ್ದೆ. ಬಸ್ಸಿಗೆ ಕಾಯುತ್ತಾ ಹಳೇ ಅಭ್ಯಾಸಕ್ಕೆ ಇನ್ನೊಂದು ಫೋನ್ ಮಾಡಿದೆ. ಈ ಸಲ ರೇಟ್ ಕೇಳಲಿಲ್ಲ. "500 ಡಾಲರ್ ಕೈಗೆ ಬರಬೇಕಾದರೆ ನಾನು ಒಟ್ಟು ಎಷ್ಟು ಕೊಡಬೇಕು?" ಅಂತ ಕೇಳಿದೆ. 87.30 ಹೇಳಿದವರಿಗೆ 250 ರೂಪಾಯಿ ಸರ್ವಿಸ್ ಚಾರ್ಜ್ ಇತ್ತು, ಅದರ ಮೇಲೆ 45 ರೂಪಾಯಿ ಜಿಎಸ್‌ಟಿ. ಎಲ್ಲ ಸೇರಿ 44,024. ಮೊದಲನೆಯವರಲ್ಲಿ ಬೇರೆ ಚಾರ್ಜ್ ಇಲ್ಲ, ಒಟ್ಟು 43,879. ರೇಟ್ ಜಾಸ್ತಿ ಇದ್ದವರಲ್ಲೇ 145 ರೂಪಾಯಿ ಕಡಿಮೆ!

ಈ ಎರಡೂ ಒಟ್ಟಿನಲ್ಲಿ ಡಾಲರ್ ಕೊಂಡದ್ದಕ್ಕೆ 79 ರೂಪಾಯಿ ಜಿಎಸ್‌ಟಿ ಸೇರಿದೆ, ಅದು ಯಾರಲ್ಲಿ ಹೋದರೂ ತಪ್ಪುವುದಿಲ್ಲ. ಒಂದು ಲಕ್ಷದವರೆಗಿನ ವ್ಯವಹಾರಕ್ಕೆ ಮೊತ್ತದ ಶೇಕಡಾ 1ರ ಮೇಲೆ 18 ಪರ್ಸೆಂಟ್ ಲೆಕ್ಕ, ಕನಿಷ್ಠ 45 ರೂಪಾಯಿ. ಕಾಗದಪತ್ರದ ಕೆಲಸ ಬೇಗ ಮುಗಿಯಿತು. ಪಾಸ್‌ಪೋರ್ಟ್, ಪ್ಯಾನ್, ವೀಸಾ ಮತ್ತು ಟಿಕೆಟಿನ ಪ್ರತಿ, ಒಂದು ಅರ್ಜಿಗೆ ಸಹಿ. 50 ಸಾವಿರದೊಳಗೆ ಆದ್ದರಿಂದ ನಗದಲ್ಲೇ ಕೊಟ್ಟೆ. ಅದಕ್ಕಿಂತ ಜಾಸ್ತಿ ಆದರೆ ಚೆಕ್ ಅಥವಾ ಖಾತೆಯಿಂದಲೇ ಹೋಗಬೇಕು. ಬಿಲ್ ಮಾತ್ರ ಬಿಸಾಡಬೇಡಿ, ವಾಪಸ್ ಬಂದ ಮೇಲೆ ಬೇಕಾಗುತ್ತದೆ.

ನೂರರ ನೋಟೇ ಕೊಡಿ ಅಂತ ಕೇಳಿದೆ, ಅದೂ 2013ರಲ್ಲಿ ಬಂದ, ನಡುವೆ ನೀಲಿ ಪಟ್ಟಿ ಇರುವ ನೋಟು. ಸಣ್ಣ ಡಾಲರ್ ನೋಟಿಗೆ, ಹಳೇ ನೋಟಿಗೆ ಹೊರದೇಶದಲ್ಲಿ ಎಷ್ಟೋ ಕಡೆ ಕಡಿಮೆ ರೇಟ್. ಕೌಂಟರಿನ ಹುಡುಗ ಐದು ನೋಟು ಕೊಟ್ಟ. ನಾಲ್ಕನ್ನು ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದೆ. ಐದನೆಯದು ಕೈಯಲ್ಲಿ ಇದ್ದಾಗ ಹೆಂಡತಿಯ ಫೋನ್ ಬಂತು, ಬರುವಾಗ ಶಂಕರಪುರ ಮಲ್ಲಿಗೆ ತನ್ನಿ ಅಂತ. ಹೂಂ ಹೂಂ ಅನ್ನುತ್ತಾ ನೋಟನ್ನು ಕವರಿಗೆ ಹಾಕಿಬಿಟ್ಟೆ.

ಡಾ ನಾಂಗ್ ವಿಮಾನ ನಿಲ್ದಾಣದಲ್ಲಿ ಒಂದೇ ಒಂದು ನೂರು ಡಾಲರ್ ಬದಲಿಸಿದೆ, ಟ್ಯಾಕ್ಸಿಗೂ ಆ ದಿನದ ಊಟಕ್ಕೂ ಸಾಕು ಅಂತ. 25 ಲಕ್ಷ ಚಿಲ್ಲರೆ ಡಾಂಗ್ ಕೈಗೆ ಬಂತು. ನಾನು ಹಾಕಿಕೊಂಡ ಲೆಕ್ಕ ಇಷ್ಟೇ: ಎರಡು ಸೊನ್ನೆ ತೆಗೆದು ಮೂರರಿಂದ ಭಾಗಿಸುವುದು. 60 ಸಾವಿರ ಡಾಂಗಿನ ಕಾಫಿ ಅಂದರೆ 600, ಭಾಗಿಸಿದರೆ 200 ರೂಪಾಯಿ. ಕೆಲವು ಹೋಟೆಲಿನ ಮೆನುವಿನಲ್ಲಿ ಬರೀ 60 ಅಂತ ಇರುತ್ತದೆ. ಅದು ಸಾವಿರದ ಲೆಕ್ಕ.

ಮರುದಿನ ಹೊಯ್ ಆನ್‌ನ ಒಂದು ಬ್ಯಾಂಕಿಗೆ ಹೋದೆ. ಮಧ್ಯಾಹ್ನದ ಊಟಕ್ಕೆ ಮುಚ್ಚಿತ್ತು. ನಮ್ಮಲ್ಲೂ ಹೀಗೇ ಜನ ಬಾಗಿಲಲ್ಲಿ ಕಾಯುತ್ತಿದ್ದರಲ್ಲ ಅಂತ ನೆನಪಾಯಿತು, ಸುಮ್ನೆ ನಿಂತೆ. ಹತ್ತಿರದಲ್ಲೇ ಒಂದು ಚಿನ್ನದ ಅಂಗಡಿ ಇತ್ತು. ಅಲ್ಲಿ ಡಾಲರ್ ಬದಲಿಸಿಕೊಡುತ್ತಾರೆ, ರೇಟೂ ಒಳ್ಳೆಯದು ಅಂತ ಹೋಟೆಲಿನಲ್ಲಿ ಹೇಳಿದ್ದರು. ನಾನು ಹೋಗಲಿಲ್ಲ. ಆ ದೇಶದಲ್ಲಿ ಪರವಾನಗಿ ಇಲ್ಲದ ಕಡೆ ಬದಲಿಸುವುದು ಕಾನೂನಿಗೆ ವಿರುದ್ಧ. 2018ರಲ್ಲಿ ಕಾನ್ ಥೋ ಎಂಬ ಊರಲ್ಲಿ ಒಬ್ಬ ಚಿನ್ನದ ಅಂಗಡಿಯಲ್ಲಿ 100 ಡಾಲರ್ ಬದಲಿಸಿದ್ದಕ್ಕೆ 9 ಕೋಟಿ ಡಾಂಗ್ ದಂಡ ಹಾಕಿದ್ದರು. ಆಮೇಲೆ ದೊಡ್ಡ ಗಲಾಟೆಯಾಗಿ ಮನ್ನಾ ಆಯಿತು, ಆ ಮಾತು ಬೇರೆ. ಐವತ್ತು ನೂರು ರೂಪಾಯಿ ಲಾಭಕ್ಕೆ ಬೇರೆ ದೇಶದಲ್ಲಿ ತಲೆಬಿಸಿ ಯಾಕೆ?

ಬ್ಯಾಂಕ್ ತೆರೆಯಿತು. ಪಾಸ್‌ಪೋರ್ಟ್ ಜೊತೆಗೆ ಎರಡು ನೋಟು ಕೊಟ್ಟೆ. ಕೌಂಟರಿನಲ್ಲಿದ್ದ ಹುಡುಗಿ ಒಂದನ್ನು ಯಂತ್ರಕ್ಕೆ ಹಾಕಿದಳು. ಇನ್ನೊಂದನ್ನು ಎತ್ತಿ ನೋಡಿ, ಗಾಜಿನ ಕೆಳಗಿಂದ ನನ್ನ ಕಡೆಗೇ ತಳ್ಳಿದಳು. ಉಗುರಿನ ತುದಿಯಿಂದ ಮೂಲೆ ತೋರಿಸಿದಳು. ಎಳ್ಳು ಕಾಳಿನಷ್ಟು ನೀಲಿ ಶಾಯಿಯ ಚುಕ್ಕೆ. ಮಲ್ಲಿಗೆಯ ಫೋನ್ ಬಂದಾಗ ಕೈಯಲ್ಲಿ ಇದ್ದ ನೋಟು ಅದೇ ಇರಬೇಕು. ಉಡುಪಿಯಲ್ಲಿ ಎಷ್ಟು ಜನರ ನೋಟನ್ನು ನಾನು ಹೀಗೇ ತಳ್ಳಿದ್ದೆನೋ! ಮಾತಿಲ್ಲದೆ ಇನ್ನೊಂದು ನೋಟು ತೆಗೆದುಕೊಟ್ಟೆ.

ಅವಳು ಕೊಟ್ಟ ಕಟ್ಟನ್ನು ಎಣಿಸುವುದೇ ಒಂದು ಕಷ್ಟ. ಡಾಂಗಿನ ಹತ್ತು ಸಾವಿರ ಮತ್ತು ಮೇಲಿನ ನೋಟೆಲ್ಲ ಪ್ಲಾಸ್ಟಿಕ್ ಥರದ ಪಾಲಿಮರ್. ಬೆರಳು ಒದ್ದೆ ಮಾಡಿ ಎಣಿಸಿದವನಿಗೆ ಅದು ಒಗ್ಗುವುದಿಲ್ಲ. ಹೊಸ ನೋಟಾದರೆ ಎರಡು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ನೀರು ತಾಗಿದರೆ ಜಾರುತ್ತವೆ. ಕೊನೆಗೆ ಮಕ್ಕಳ ಹಾಗೆ ಒಂದೊಂದೇ ನೋಟನ್ನು ಕೌಂಟರಿನ ಮೇಲೆ ಹಾಸಿ ಎಣಿಸಿದೆ.

ಆ ರಾತ್ರಿ ಹಳೇ ಪೇಟೆಯಲ್ಲಿ ಬಣ್ಣದ ಗೂಡುದೀಪಗಳು. ನಮ್ಮ ದೀಪಾವಳಿ ನೆನಪಾಗುವಷ್ಟು. ದೋಣಿ ಹತ್ತಿದೆವು, ಎಳನೀರು ಕುಡಿದೆವು, ಹೊಳೆಯಲ್ಲಿ ಬಿಡಲು ಕಾಗದದ ದೀಪ ಕೊಂಡೆವು. ರೂಮಿಗೆ ಬಂದು ಅಭ್ಯಾಸದಂತೆ ಟ್ಯಾಲಿ ಮಾಡಲು ಕೂತರೆ 4,80,000 ಡಾಂಗ್ ಶಾರ್ಟ್.

ಮೂರು ಸಲ ಎಣಿಸಿದೆ. ಆಮೇಲೆ ಎರಡು ನೋಟನ್ನು ಪಕ್ಕ ಪಕ್ಕ ಇಟ್ಟಾಗ ಗೊತ್ತಾಯಿತು. 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಎರಡರಲ್ಲೂ ಹೋ ಚಿ ಮಿನ್ ಮುಖ. ಅಗಲ ಒಂದೇ, ಉದ್ದದಲ್ಲಿ ಮಾತ್ರ ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ. ಮಡಚಿ ಜೇಬಲ್ಲಿಟ್ಟರೆ, ಅದೂ ಗೂಡುದೀಪದ ಬೆಳಕಲ್ಲಿ, ಗೊತ್ತೇ ಆಗುವುದಿಲ್ಲ. ಎಲ್ಲೋ 20 ಸಾವಿರ ಕೊಡುವ ಕಡೆ 5 ಲಕ್ಷ ಕೊಟ್ಟಿದ್ದೆ. ಸುಮಾರು 1,600 ರೂಪಾಯಿ. ಎಳನೀರಿನವಳಿಗೋ ದೀಪದವಳಿಗೋ ಇವತ್ತಿಗೂ ಗೊತ್ತಿಲ್ಲ. ಮಂಗಳೂರಲ್ಲಿ ಅಷ್ಟು ಲೆಕ್ಕ ಹಾಕಿ ಉಳಿಸಿದ್ದು 145.

ಹೆಂಡತಿ ಹಾಸಿಗೆಯಲ್ಲಿ ಮಲಗಿದ್ದವಳು ಎದ್ದು, "ನೀವು ಬ್ಯಾಂಕಿನಲ್ಲಿ 31 ವರ್ಷ ಹೇಗೆ ಇದ್ರಿ ಮಾರಾಯ್ರೆ?" ಅಂದಳು.

ಬೆಳಿಗ್ಗೆ ಹೋಟೆಲಿನಿಂದ ಎರಡು ಲಕೋಟೆ ಕೇಳಿ ತಂದೆ. ಲಕ್ಷ ಮತ್ತು ಮೇಲಿನ ನೋಟು ಒಂದರಲ್ಲಿ, ಅದು ಹೆಂಡತಿಯ ಬ್ಯಾಗಿಗೆ. ಚಿಲ್ಲರೆ ಇನ್ನೊಂದರಲ್ಲಿ, ಅದು ನನ್ನ ಜೇಬಿಗೆ. 20 ಸಾವಿರದ ನೋಟಿನ ಹಿಂದೆ ಹೊಯ್ ಆನ್‌ನದೇ ಹಳೇ ಜಪಾನಿ ಸೇತುವೆಯ ಚಿತ್ರ ಇದೆ. ಕೊಡುವಾಗ ನೋಟು ತಿರುಗಿಸಿ ಸೇತುವೆ ಇದೆಯಾ ನೋಡಿ ಕೊಡುತ್ತಿದ್ದೆ. ಆಮೇಲೆ ಶಾರ್ಟ್ ಬರಲಿಲ್ಲ.

ಕಾರ್ಡ್ ಮಗಳ ಕೈಯಲ್ಲಿತ್ತು. ಹೊರಡುವ ಮೊದಲೇ ಆ್ಯಪ್‌ನಲ್ಲಿ ವಿದೇಶದ ಬಳಕೆ ಆನ್ ಮಾಡಿದ್ದಳು, ಇಲ್ಲದಿದ್ದರೆ ನಡೆಯುವುದೇ ಇಲ್ಲ. ಹೋಟೆಲಿನ ಯಂತ್ರ ರೂಪಾಯಿಯಲ್ಲಿ ಬೇಕಾ, ಡಾಂಗಿನಲ್ಲಿ ಬೇಕಾ ಅಂತ ಕೇಳಿತು. ರೂಪಾಯಿ ನೋಡಿ ಒತ್ತಲು ಹೋದಳು. ತಡೆದೆ. ರೂಪಾಯಿ ಅಂದರೆ ಆ ಯಂತ್ರದವರೇ ತಮಗೆ ಬೇಕಾದ ರೇಟ್ ಹಾಕುತ್ತಾರೆ. ಡಾಂಗ್ ಒತ್ತಿಸಿದೆ. ಇಡೀ ಪ್ರವಾಸದಲ್ಲಿ ನನ್ನ ಮಾನ ಉಳಿಸಿದ್ದು ಅದೊಂದೇ.

ಉಳಿದ ಡಾಂಗನ್ನು ಡಾ ನಾಂಗ್‌ನಲ್ಲೇ ಖರ್ಚು ಮಾಡಿ ಮುಗಿಸಿದೆವು. ಊರಿಗೆ ತಂದರೆ ಯಾರೂ ಕೊಳ್ಳುವುದಿಲ್ಲ. ಸೇತುವೆಯ ಒಂದು ನೋಟು ಮಾತ್ರ ಇಟ್ಟುಕೊಂಡೆ.

ಚುಕ್ಕೆಯ ನೂರು ಡಾಲರ್ ಹಾಗೇ ವಾಪಸ್ ಬಂತು. 2,000 ಡಾಲರ್‌ವರೆಗೆ ಮನೆಯಲ್ಲಿ ಇಟ್ಟುಕೊಳ್ಳಬಹುದು, ಅದಕ್ಕಿಂತ ಜಾಸ್ತಿ ಉಳಿದರೆ 180 ದಿನದೊಳಗೆ ಕೊಡಬೇಕು. ನನಗೆ ಇಟ್ಟುಕೊಂಡು ಎಂತ ಮಾಡಲಿಕ್ಕೆ? ಮಂಗಳೂರಿಗೆ ಹೋದಾಗ ಬಿಲ್ ಹಿಡಿದು ಅದೇ ಅಂಗಡಿಗೆ ಹೋದೆ. ಅದೇ ಹುಡುಗ.

"ಇದರಲ್ಲಿ ಶಾಯಿ ಉಂಟಲ್ಲ?" ಅಂದೆ.

ಅವನು ನೋಟನ್ನು ಬೆಳಕಿಗೆ ಹಿಡಿದ. "ಇದೆಲ್ಲ ನಡೀತದೆ ಸರ್. ಇವತ್ತು 84.20."

"ರೇಟ್ ಬೇಡ ಮಾರಾಯ, ಕೈಗೆ ಎಷ್ಟು ಬರ್ತದೆ ಹೇಳು."

ಕ್ಯಾಲ್ಕುಲೇಟರ್ ಒತ್ತಿ, 45 ಜಿಎಸ್‌ಟಿ ಕಳೆದು, ನನ್ನ ಕಡೆ ತಿರುಗಿಸಿದ. 8,375.