ತ್ರಿಕೋನ ಕೂಡಿತ್ತು, ಬಿಂದು ಮಾತ್ರ 23 ಸೆಂ.ಮೀ. ಸರಿದಿತ್ತು

ಚಿಕ್ಕಬಳ್ಳಾಪುರದ ಹತ್ತಿರ ಒಂದು ಕಂಟ್ರೋಲ್ ಸರ್ವೆ, ಅಂದರೆ ಮುಂದಿನ ಅಳತೆಗಳಿಗೆ ಆಧಾರವಾಗುವ ಬಿಂದುಗಳನ್ನು ಗುರುತಿಸುವ ಕೆಲಸ. ಎ ಬಿಂದುವಿನಿಂದ ಉತ್ತರಕ್ಕೆ 8 ಕಿ.ಮೀ. ದೂರದಲ್ಲಿ ಬಿ, ಪೂರ್ವಕ್ಕೆ ಅಷ್ಟೇ ದೂರದಲ್ಲಿ ಸಿ. ಬಿಸಿಲೇರಿದರೆ ಗುರಿ ಕುಣಿಯುತ್ತದೆ. ಹಾಗಾಗಿ ಬೆಳಗ್ಗೆ ಬೇಗ ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಉಪಕರಣ) ಇಟ್ಟು ಮೂರೂ ಕೋನ ಅಳೆದೆ. ಮೊತ್ತ 180 ಡಿಗ್ರಿಗೆ 1 ಸೆಕೆಂಡ್ (ಡಿಗ್ರಿಯ 3600ರಲ್ಲಿ ಒಂದು ಪಾಲು) ಒಳಗೇ ಬಂತು. ಕೆಲಸ ಸರಿಯಾಯಿತು ಅಂದುಕೊಂಡೆ.

ಎ, ಬಿ ಹಿಡಿದು, ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಯುಟಿಎಂ ಗ್ರಿಡ್‌ನಲ್ಲಿ ಸಿ ಲೆಕ್ಕ ಹಾಕಿದೆ. ಜಿಪಿಎಸ್ ತೋರಿಸಿದ ಜಾಗಕ್ಕಿಂತ ಅದು 23 ಸೆಂ.ಮೀ. ಉತ್ತರಕ್ಕೆ ಬಿತ್ತು. ಮತ್ತೆ ಅಳೆದೆ, ಅದೇ ಉತ್ತರ.

ದೂರವನ್ನು ಗ್ರಿಡ್‌ಗೆ ಹೊಂದಿಸುವ ಸ್ಕೇಲ್ ಫ್ಯಾಕ್ಟರ್ ಹಾಕಿದ್ದೆ, ಕೋನವನ್ನು ಹಾಗೇ ಬಿಟ್ಟಿದ್ದೆ. ತಪ್ಪು ಅಲ್ಲೇ ಇತ್ತು. ನಾವು ನೋಡುವ ಗೆರೆ ಎಲಿಪ್ಸಾಯ್ಡ್ (ಭೂಮಿಯ ಆಕಾರಕ್ಕೆ ಹೊಂದುವ ಲೆಕ್ಕದ ಮೇಲ್ಮೈ) ಮೇಲಿನದು. ಗ್ರಿಡ್‌ಗೆ ಇಳಿಸಿದಾಗ ಅದು ನೇರವಾಗಿ ಉಳಿಯುವುದಿಲ್ಲ, ಯುಟಿಎಂ ಪಟ್ಟಿಯ (ಜೋನ್) ನಡುವೆ ಹಾಯುವ ಮಧ್ಯರೇಖೆಯಿಂದ ಆಚೆಗೆ ಸ್ವಲ್ಪ ಬಾಗುತ್ತದೆ. ನಮ್ಮ ಜೋನ್ 43ರ ಮಧ್ಯರೇಖೆ 75 ಡಿಗ್ರಿ ಪೂರ್ವ ರೇಖಾಂಶ, ಮಂಗಳೂರಿನ ಪಕ್ಕದಲ್ಲೇ ಹಾಯುತ್ತದೆ. ಅಲ್ಲಿ ಇದೇ ಕೆಲಸ ಮಾಡಿದ್ದರೆ ವ್ಯತ್ಯಾಸ ಅರ್ಧ ಸೆಕೆಂಡ್ ಕೂಡ ಬರುತ್ತಿರಲಿಲ್ಲ. ಚಿಕ್ಕಬಳ್ಳಾಪುರ ಅಲ್ಲಿಂದ ಸುಮಾರು 295 ಕಿ.ಮೀ. ಪೂರ್ವಕ್ಕಿದೆ.

ಈ ಬಾಗಿಗೆ ಕೋನವನ್ನು ಎಷ್ಟು ತಿದ್ದಬೇಕು ಅನ್ನುವ ಲೆಕ್ಕ ಸುಲಭ. ಗೆರೆಯ ಉತ್ತರ-ದಕ್ಷಿಣ ಅಂತರವನ್ನು ಮಧ್ಯರೇಖೆಯಿಂದಿರುವ ದೂರದಿಂದ ಗುಣಿಸಿ, ಭೂಮಿಯ ತ್ರಿಜ್ಯದ ವರ್ಗದ ಎರಡರಷ್ಟರಿಂದ ಭಾಗಿಸಿ. ಬಂದದ್ದನ್ನು 206265ರಿಂದ ಗುಣಿಸಿದರೆ ಸೆಕೆಂಡ್. ಮಧ್ಯರೇಖೆಯಿಂದಿರುವ ದೂರಕ್ಕೆ ಸರಾಸರಿ ತೆಗೆಯುವಾಗ ಉಪಕರಣ ನಿಂತ ತುದಿಗೆ ಎರಡು ಪಾಲು, ಎದುರಿನದಕ್ಕೆ ಒಂದು ಪಾಲು ಕೊಡಬೇಕು. ಎ-ಬಿ ಗೆರೆಗೆ 6 ಸೆಕೆಂಡ್ ಬಂತು. ಎ-ಸಿ ಪೂರ್ವ-ಪಶ್ಚಿಮ ಗೆರೆ, ಅದಕ್ಕೆ ಹೆಚ್ಚುಕಡಿಮೆ ಸೊನ್ನೆ.

ಹಾಗಾದರೆ ತ್ರಿಕೋನ ಹೇಗೆ ಕೂಡಿತು, ಅಲ್ವಾ? ನನ್ನನ್ನು ಜಾಸ್ತಿ ಕಾಡಿದ್ದು ಇದೇ. ಬಿ-ಸಿ ಗೆರೆಯೂ ಅಷ್ಟೇ ಬಾಗಿದೆ. ಎ ಕೋನಕ್ಕೆ 6 ಸೆಕೆಂಡ್ ಕೂಡಿಸಬೇಕು, ಸಿ ಕೋನದಿಂದ 6 ಕಳೆಯಬೇಕು, ಬಿ ಹಾಗೇ ಇರುತ್ತದೆ. ಮೊತ್ತ ಬದಲಾಗುವುದೇ ಇಲ್ಲ! ಉಳಿಯುವುದು ಗೋಳದ ಹೆಚ್ಚಳ ಮಾತ್ರ, ಅಂದರೆ ಭೂಮಿ ದುಂಡಗಿರುವುದರಿಂದ ಮೊತ್ತ 180 ಡಿಗ್ರಿಗಿಂತ ಹೆಚ್ಚಾಗುವಷ್ಟು. ಅದು ಸುಮಾರು 196 ಚದರ ಕಿ.ಮೀ.ಗೆ 1 ಸೆಕೆಂಡ್. ನನ್ನ 32 ಚದರ ಕಿ.ಮೀ. ತ್ರಿಕೋನಕ್ಕೆ 0.16 ಸೆಕೆಂಡ್, ಅಳತೆಯಲ್ಲಿ ಕಾಣುವಷ್ಟೇ ಇಲ್ಲ.

ಗುರಿಯ ಎತ್ತರದ ತಿದ್ದುಪಡಿಯನ್ನೂ ನೋಡಿದೆ. ನಂದಿಬೆಟ್ಟದಷ್ಟು ಎತ್ತರಕ್ಕೂ ಅದು 0.2 ಸೆಕೆಂಡ್ ಮುಟ್ಟುವುದಿಲ್ಲ, ಬಿಟ್ಟೆ. ತೂಗುಗುಂಡಿನ ಓರೆಯನ್ನು (ಎಲಿಪ್ಸಾಯ್ಡ್‌ಗೆ ಲಂಬವಾದ ಗೆರೆಯಿಂದ ಅದರ ದಾರ ವಾಲಿರುವಷ್ಟನ್ನು) ಮಾತ್ರ ಸುಮ್ನೆ ಬಿಡಬೇಡಿ. ಓರೆ 10 ಸೆಕೆಂಡ್ ಇದ್ದು, 3 ಡಿಗ್ರಿ ಮೇಲಕ್ಕೆ ನೋಡಿದರೆ ದಿಕ್ಕಿನಲ್ಲಿ ಅರ್ಧ ಸೆಕೆಂಡ್‌ವರೆಗೂ ತಪ್ಪು ಬರಬಹುದು.

6 ಸೆಕೆಂಡ್ ಹಾಕಿ ಮತ್ತೆ ಲೆಕ್ಕ ಮಾಡಿದೆ. ಸಿ ತನ್ನ ಜಾಗಕ್ಕೆ ಬಂದು ಕೂತಿತು.