ಘಟ್ಟದಂಚಿನ ಊರು ನೆಲೆಗೊಂಡ ಬಗೆಯನ್ನು ದಾಖಲಿಸುವುದು ಹೇಗೆ?

ಊರಿನ ಚರಿತ್ರೆ ಬರೆಯಲು ಹೊರಟವರು ಸಾಮಾನ್ಯವಾಗಿ ದೇವಸ್ಥಾನದಿಂದ ತೊಡಗುತ್ತಾರೆ. ಬೇಲೂರು, ಆಲೂರು, ಸಕಲೇಶಪುರ, ಮೂಡಿಗೆರೆಗಳಂಥ ತಾಲ್ಲೂಕುಗಳಲ್ಲಿ ನೀರಿನಿಂದ ತೊಡಗುವುದು ಲೇಸು. ಭೂಮಾಪನ ಇಲಾಖೆಯ ಗ್ರಾಮ ನಕ್ಷೆಯನ್ನು ಪಡೆದು, ಹಳ್ಳ, ಕೆರೆ, ಗದ್ದೆ, ಗೋಮಾಳ, ಕಾಡುಗಳಿಗೆ ಬೇರೆ ಬೇರೆ ಬಣ್ಣ ತುಂಬಿ, ಆಮೇಲೆ ಮನೆಗಳನ್ನು ಗುರುತಿಸಿ. ಮೂಡಣದ ಬಯಲುಸೀಮೆಯತ್ತ ಕೆರೆ ಏರಿಯ ಆಸುಪಾಸಿನಲ್ಲಿ ಮನೆಗಳು ಒತ್ತೊತ್ತಾಗಿರುವುದೂ, ಪಡುವಣಕ್ಕೆ ಹೋದಂತೆ ಗದ್ದೆಗಳ ಮೇಲಿನ ಇಳಿಜಾರಿನಲ್ಲಿ ಒಂಟಿಮನೆಗಳು ಚದುರಿರುವುದೂ ಕಾಣುತ್ತದೆ. ಮಳೆ ಕಡಿಮೆಯಿದ್ದಲ್ಲಿ ಕೆರೆ ಕಟ್ಟಿ, ಹೂಳೆತ್ತಿ ಕಾಯಲು ಊರೇ ಕೂಡಬೇಕಿತ್ತು. ಹಳ್ಳದ ನೀರು ತಾನಾಗಿ ಗದ್ದೆಗಿಳಿಯುವಲ್ಲಿ ಒಂದು ಕುಟುಂಬ ಒಂದು ಕಣಿವೆಯನ್ನು ನೆಚ್ಚಿ ಬದುಕಬಹುದಿತ್ತು. ಅರೆಮಲೆನಾಡಿನ ಎಷ್ಟೋ ಊರುಗಳಲ್ಲಿ ಎರಡೂ ಬೆರೆತಿರುತ್ತವೆ.

ಬಳಿಕ ಕಲ್ಲುಗಳು. ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನ ಬೇಲೂರು ತಾಲ್ಲೂಕಿನದು. ಹೊಯ್ಸಳರ ಮೂಲನೆಲೆಯಾದ ಸೊಸೆವೂರು ಮೂಡಿಗೆರೆ ತಾಲ್ಲೂಕಿನ ಇಂದಿನ ಅಂಗಡಿ. ಇವೆಲ್ಲ ಪ್ರಸಿದ್ಧ; ನಿಮ್ಮ ಊರಿನ ಮಟ್ಟಿಗೆ ಹೆಚ್ಚು ಮಾತಾಡುವುದು ಬೇಲಿಸಾಲಿನ ವೀರಗಲ್ಲು. ಅದರ ಕೆಳಗಿನ ಪಟ್ಟಿಕೆಯಲ್ಲಿ ಹಸುಗಳಿದ್ದರೆ ತುರುಗಾಳಗ, ಅಂದರೆ ದನಗಳಿಗಾಗಿ ನಡೆದ ಹೋರಾಟ; ಹುಲಿಯಿದ್ದರೆ ಕಾಡಂಚಿನ ಕಾದಾಟ. ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಬಹುತೇಕ ಶಿವಲಿಂಗ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಫೋಟೋ ತೆಗೆದರೆ ಸವೆದ ಅಕ್ಷರಗಳೂ ಮೂಡುತ್ತವೆ. ಸುಣ್ಣ, ಎಣ್ಣೆ ಬಳಿಯುವ ಚಾಳಿ ಬೇಡ. ಕಲ್ಲು ಮೊದಲಿನಿಂದಲೂ ಅಲ್ಲೇ ಇತ್ತೇ ಎಂದು ಹಿರಿಯರನ್ನು ಕೇಳದೆ ನಕ್ಷೆಯಲ್ಲಿ ಗುರುತು ಹಾಕಬೇಡಿ.

ಓದಿಗಾಗಿ ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ 5ನೇ ಸಂಪುಟ ಹಾಸನಕ್ಕೆ, 6ನೆಯದು ಚಿಕ್ಕಮಗಳೂರಿಗೆ ಸಂಬಂಧಿಸಿದ್ದು. ಆದರೆ ಹಳೆಯ ದಾಖಲೆಗಳಲ್ಲಿ ಚಿಕ್ಕಮಗಳೂರು ಜಿಲ್ಲೆಯನ್ನು ಕಡೂರು ಜಿಲ್ಲೆಯೆಂದೂ ಸಕಲೇಶಪುರ ತಾಲ್ಲೂಕನ್ನು ಮಂಜರಾಬಾದ್ ಎಂದೂ ಹುಡುಕಬೇಕು.

ಕಾಫಿಯ ಪದರವನ್ನು ಬೇರೆಯಾಗಿಯೇ ಬರೆಯಿರಿ. 19ನೇ ಶತಮಾನದಲ್ಲಿ ತೋಟಗಳು ಹಬ್ಬಿದಾಗ ಗದ್ದೆಗೆ ಸೊಪ್ಪು, ದನಕ್ಕೆ ಮೇವು ಕೊಡುತ್ತಿದ್ದ ಇಳಿಜಾರಿಗೆ ಬೆಲೆ ಬಂತು; ಕೂಲಿಗೆ ಬಂದವರಿಗಾಗಿ ಲೈನ್ ಮನೆಗಳೆದ್ದವು. ತೋಟದ ಮಾಲೀಕರ ವಂಶಾವಳಿಯಷ್ಟನ್ನೇ ಬರೆದು ಲೈನಿನವರನ್ನು ಬಿಟ್ಟ ಊರ ಚರಿತ್ರೆಗಳು ನನ್ನ ಮಟ್ಟಿಗೆ ಅರ್ಧ ಚರಿತ್ರೆಗಳು.

ಕಂದಾಯ ದಾಖಲೆಯಲ್ಲಿ ಹೆಸರಿದ್ದೂ ಜನವಸತಿಯಿಲ್ಲದ ಬೇಚರಾಕ್ ಗ್ರಾಮಗಳನ್ನು ಕೊನೆಗೆ ಪರಿಶೀಲಿಸಿ. ಹಾಳುಬಾವಿ, ಒಂಟಿ ಗುಡಿ, ಮಾವಿನ ಮರಗಳ ಜಾಗವನ್ನು ಸರ್ವೆ ನಂಬರಿನ ಸಮೇತ ಬರೆದುಕೊಂಡು, ಅಲ್ಲಿನ ದೇವರಿಗೆ ಈಗ ಯಾವ ಊರಿನವರು ಹರಕೆ ಸಲ್ಲಿಸುತ್ತಾರೆಂದು ವಿಚಾರಿಸಿದರೆ, ಊರು ಬಿಟ್ಟವರು ಎಲ್ಲಿಗೆ ಹೋದರೆಂಬ ಸುಳಿವು ಹಲವು ಸಲ ಅಲ್ಲಿಯೇ ಸಿಗುತ್ತದೆ.